ಮೈಸೂರಿನ ಕಟ್ಟಡಗಳ ಚಿತ್ರ ತೆಗೆಯುವವರನ್ನು ತಡೆಯಬೇಡಿ: ಆಡಳಿತಕ್ಕೊಂದು ಬಹಿರಂಗ ಪತ್ರ

ಮೈಸೂರಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ, ಹಾಗೂ ನಗರದ ಪಾರಂಪರಿಕ ಕಟ್ಟಡಗಳಲ್ಲಿ ಕಚೇರಿ, ಕಾಲೇಜು, ಆಸ್ಪತ್ರೆಗಳನ್ನು ನಡೆಸುತ್ತಿರುವ ಎಲ್ಲ ಸಂಸ್ಥೆಗಳ ಮುಖ್ಯಸ್ಥರಿಗೆ,

ವಿಷಯ: ಪಾರಂಪರಿಕ ಕಟ್ಟಡಗಳ ಛಾಯಾಗ್ರಹಣಕ್ಕೆ ಸ್ಪಷ್ಟ ನಿಯಮ ಮತ್ತು ಪ್ರತಿವರ್ಷದ ಚಿತ್ರದಾಖಲೆಗಾಗಿ ಮನವಿ.

ಮಾನ್ಯರೇ,

ನಾನು ಮೈಸೂರಿನ ನಿವಾಸಿ. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾ, ಬಿಡುವಿನ ವೇಳೆಯಲ್ಲಿ ಈ ಊರಿನ ಬಾನಂಚಿನ ನೋಟವನ್ನೂ ಆ ನೋಟವನ್ನು ಕಟ್ಟಿಕೊಟ್ಟಿರುವ ಹಳೆಯ ಕಟ್ಟಡಗಳನ್ನೂ ಹಲವು ವರ್ಷಗಳಿಂದ ಛಾಯಾಚಿತ್ರಗಳಲ್ಲಿ ದಾಖಲಿಸುತ್ತಾ ಬಂದಿದ್ದೇನೆ. ಈ ಕೆಲಸಕ್ಕೆ ಯಾರ ಹಣವೂ ಇಲ್ಲ, ಇದರಿಂದ ನನಗೆ ಸಂಪಾದನೆಯೂ ಇಲ್ಲ. ಒಂದು ಕಡೆ ಕಟ್ಟಡಗಳು ಶಿಥಿಲಗೊಳ್ಳುತ್ತಾ ಒಂದೊಂದಾಗಿ ಬೀಳುತ್ತಿವೆ; ಇನ್ನೊಂದು ಕಡೆ ಅವು ನಿಂತಿರುವಾಗಲೇ ಅವುಗಳ ಚಿತ್ರ ತೆಗೆದಿಡಲು ಹೊರಟವರನ್ನು ಗೇಟಿನ ಹೊರಗೇ ತಡೆದು ಕಳುಹಿಸಲಾಗುತ್ತಿದೆ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 1,000 ಅಡಿ ಎತ್ತರದಲ್ಲಿದೆ. ಅಲ್ಲಿನ ವೀಕ್ಷಣಾ ಸ್ಥಳದಲ್ಲಿ ನಿಂತರೆ ಊರು ವಾಯವ್ಯಕ್ಕೆ ಹರಡಿಕೊಂಡಿರುತ್ತದೆ. ಮುಂಜಾನೆಯ ಸೂರ್ಯ ನಮ್ಮ ಬೆನ್ನಿಗಿರುವುದರಿಂದ ಪೂರ್ವಾಭಿಮುಖವಾದ ಅರಮನೆಯ ಮುಖದ ಮೇಲೆ ಬೆಳಕು ನೇರವಾಗಿ ಬೀಳುತ್ತದೆ. ಬಿಸಿಲೇರಿದ ಮೇಲೆ ಊರಿನಿಂದ ಏಳುವ ಬಿಸಿಗಾಳಿಯಲ್ಲಿ ಗೋಪುರಗಳ ಅಂಚು ನಡುಗತೊಡಗುತ್ತದೆ. ಸಂಜೆ ಸೂರ್ಯ ಊರಿನ ಹಿಂದಕ್ಕೆ ಸರಿಯುವುದರಿಂದ ಕಟ್ಟಡಗಳ ವಿವರಗಳೆಲ್ಲ ಮರೆಯಾಗಿ ಆಕೃತಿಗಳು ಮಾತ್ರ ಉಳಿಯುತ್ತವೆ. ಮಳೆಗಾಲ ಮುಗಿದು ಗಾಳಿ ತೊಳೆದಂತಿರುವ ದಿನಗಳಲ್ಲಿ, ಬೆಳಗಿನ ಮೊದಲ ಗಂಟೆಯಲ್ಲಿ ಸಿಗುವ ಸ್ಪಷ್ಟತೆ ಬೇರೆ ಯಾವ ಕಾಲದಲ್ಲೂ ಸಿಗುವುದಿಲ್ಲ. ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಕಟ್ಟಡವೊಂದನ್ನು ಸರಿಯಾಗಿ ದಾಖಲಿಸುವವನು ಬೆಳಗಿನ ಹೊತ್ತಿನಲ್ಲೇ ಬರಬೇಕಾಗುತ್ತದೆ, ಕ್ಯಾಮೆರಾ ಅಲುಗದಿರಲು ಟ್ರೈಪಾಡ್ ಬಳಸಬೇಕಾಗುತ್ತದೆ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಕಾವಲಿನವರಿಗೆ ಸಂಶಯ ಹುಟ್ಟಿಸುತ್ತಿರುವುದು ಈ ಮೂರು ಅಭ್ಯಾಸಗಳೇ.

ಬೆಟ್ಟದಿಂದ ಕಾಣುವ ಒಂದೊಂದು ಎತ್ತರದ ಹಿಂದೆಯೂ ಒಂದು ಕಾಲವಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಆಗ ರಾಜಪ್ರತಿನಿಧಿಯಾಗಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ಹೊಸ ಅರಮನೆಯ ಹೊಣೆಯನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ವಹಿಸಲಾಯಿತು, 1912ರಲ್ಲಿ ಕೆಲಸ ಮುಗಿಯಿತು. ಮತ್ತೊಮ್ಮೆ ಬೆಂಕಿ ತಗುಲಬಾರದೆಂಬ ಎಚ್ಚರದಿಂದ ಮರದ ಜಾಗಕ್ಕೆ ಕಲ್ಲು, ಇಟ್ಟಿಗೆ ಮತ್ತು ಎರಕದ ಕಬ್ಬಿಣ ಬಂದವು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಿಂದ ಹಡಗೇರಿ ಬಂದವು. ಇಂದು ಬೆಟ್ಟದಿಂದ ಕಣ್ಣಿಗೆ ಮೊದಲು ಬೀಳುವ 145 ಅಡಿಯ ಚಿನ್ನದ ಗುಮ್ಮಟದ ಗೋಪುರ ಆ ಬೆಂಕಿಯ ನಂತರದ ನಿರ್ಧಾರಗಳ ಫಲ. ಸುಟ್ಟುಹೋದ ಮರದ ಅರಮನೆ ಹೇಗಿತ್ತೆಂದು ನಮ್ಮಂಥ ಸಾಮಾನ್ಯರಿಗೆ ಇಂದು ಗೊತ್ತಾಗುವುದು ಅದು ನಿಂತಿದ್ದಾಗ ಯಾರೋ ತೆಗೆದಿಟ್ಟ ಛಾಯಾಚಿತ್ರಗಳಿಂದ. ಆ ಕಾಲದ ಭಾರವಾದ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಬಂದವರನ್ನು ಹೆಬ್ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿದ್ದರೆ, ನಮ್ಮ ಪಾಲಿಗೆ ಆ ಅರಮನೆ ಬರೀ ಮಾತಿನ ವರ್ಣನೆಯಾಗಿ ಉಳಿಯುತ್ತಿತ್ತು.

ಉತ್ತರಕ್ಕೆ ಕಾಣುವ ಜೋಡಿ ಗೋಪುರಗಳು ಸಂತ ಫಿಲೋಮಿನಾ ಚರ್ಚಿನವು. 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ ಈ ಚರ್ಚಿನ ಗೋಪುರಗಳು 175 ಅಡಿ ಎತ್ತರ, ಎಂದರೆ ಅರಮನೆಯ ಗೋಪುರಕ್ಕಿಂತಲೂ ಹೆಚ್ಚು. ಅರಸರೇ ಅಡಿಗಲ್ಲು ಹಾಕಿದ ಇನ್ನೊಂದು ಧರ್ಮದ ಪ್ರಾರ್ಥನಾ ಮಂದಿರ ಅವರ ಮನೆಗಿಂತ ಎತ್ತರವಾಗಿ ಎದ್ದಿತೆಂಬ ಸಂಗತಿಯನ್ನು ಯಾವ ಶಾಸನವೂ ಇಷ್ಟು ಸ್ಪಷ್ಟವಾಗಿ ಸಾರಲಾರದು. ಬೆಟ್ಟದ ಮೇಲೆ ನಿಂತವನಿಗೆ ಅದು ಒಂದೇ ನೋಟದಲ್ಲಿ ತಿಳಿಯುತ್ತದೆ. ಬಲಕ್ಕೆ, ಊರಿನಿಂದ ದೂರ ಸರಿದು ಬೆಳ್ಳಗೆ ನಿಂತಿರುವುದು ವೈಸ್‌ರಾಯ್ ಅವರ ವಾಸ್ತವ್ಯಕ್ಕೆಂದು 1921ರಲ್ಲಿ ಆರಂಭಿಸಿದ ಲಲಿತ ಮಹಲ್, ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ ಅದರ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಮಾದರಿಯಾಗಿ ಇಟ್ಟುಕೊಂಡರು.

ಇವು ದೂರದಿಂದಲೇ ಗುರುತಾಗುವ ಕಟ್ಟಡಗಳು. ಊರಿನೊಳಗೆ ಇಳಿದರೆ, ಬೆಟ್ಟದಿಂದ ಬರಿಗಣ್ಣಿಗೆ ಬೇರೆಯಾಗಿ ಕಾಣದೆ ಮರಗಳ ನಡುವೆ ಸೇರಿಹೋಗಿರುವ ಇನ್ನೆಷ್ಟೋ ಕಟ್ಟಡಗಳಿವೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಜಗನ್ಮೋಹನ ಅರಮನೆಯಲ್ಲಿ 1902ರಲ್ಲಿ ಲಾರ್ಡ್ ಕರ್ಜನ್ ಎದುರಿನಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು. ದಿವಾನ್ ರಂಗಾಚಾರ್ಲು ಅವರ ನೆನಪಿನ ಪುರಭವನ 1884ರದು; 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ಆಡಳಿತಗಾರನ ಹೆಸರನ್ನು ಊರಿನ ನಟ್ಟನಡುವೆ ನಿಲ್ಲಿಸಿರುವ ಕಟ್ಟಡ ಅದು. 1886ರ ವೈಸ್‌ರಾಯ್ ಡಫರಿನ್ ಭೇಟಿಯನ್ನು ನೆನಪಿಸುವ ಚಿಕ್ಕ ಗಡಿಯಾರ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆಯ ನೌಕರರು ತಮ್ಮ ಹಣ ಹಾಕಿ ಕಟ್ಟಿಸಿದ 75 ಅಡಿಯ ದೊಡ್ಡ ಗಡಿಯಾರ ಗೋಪುರ, ಇವೆಲ್ಲ ಸರ್ಕಾರದ ಆಸ್ತಿಗಳೆನ್ನುವುದಕ್ಕಿಂತ ಮೊದಲು ಜನರ ನೆನಪುಗಳು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ, 1909ರಲ್ಲಿ ಜಗತ್ತಿಗೆ ಅದರ ಪಾಠವನ್ನು ಮುದ್ರಿಸಿ ಕೊಟ್ಟದ್ದು ಇದೇ ಊರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಿಂದ. ಊರಿನ ಬೀದಿಗಳ ವಿನ್ಯಾಸಕ್ಕೂ ಹೀಗೆಯೇ ಒಂದು ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಜನರನ್ನು ಬಲಿ ತೆಗೆದುಕೊಂಡ ಮೇಲೆ, ಹಳಬರು ಸಿಐಟಿಬಿ ಎಂದೇ ಕರೆಯುವ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ 1903ರಲ್ಲಿ ಹುಟ್ಟಿಕೊಂಡಿತು. ಅಗಲವಾದ ರಸ್ತೆ, ಗಾಳಿ ಬೆಳಕಿಗೆ ದಾರಿ, ಚರಂಡಿಗೆ ಓಟ ಎಂಬ ಲೆಕ್ಕಾಚಾರದಲ್ಲಿ ಹೊಸ ಬಡಾವಣೆಗಳು ಬಂದವು. ದೊಡ್ಡ ಕಟ್ಟಡಗಳನ್ನು ಇಂದು ದೂರದಿಂದ ಪೂರ್ತಿಯಾಗಿ ನೋಡಲು ಸಾಧ್ಯವಾಗಿರುವುದರಲ್ಲಿ ಆ ಅಗಲವಾದ ರಸ್ತೆಗಳ ಪಾಲು ದೊಡ್ಡದು.

ಇನ್ನು ಬಿದ್ದುಹೋದವುಗಳ ವಿಚಾರ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ಆ ಸಾಲಂಗಡಿಗಳಿಗೆ ಹೋಗುತ್ತಿದ್ದ ಮೈಸೂರಿಗರು ಆ ದಿನವನ್ನು ಮರೆತಿಲ್ಲ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಭಾಗವೊಂದು ಬಿತ್ತು. ಮೂರು ಕುಸಿತಗಳೂ ಮಳೆಯ ತಿಂಗಳುಗಳಲ್ಲೇ ಆದವು. ಸುಣ್ಣದ ಗಾರೆಯ ಗೋಡೆ, ಮರದ ತೊಲೆ, ಆ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಕಿ ಮಾಡಿದ ಮದ್ರಾಸ್ ತಾರಸಿ ಇರುವ ಹಳೆಯ ಕಟ್ಟಡಗಳಿಗೆ ನೀರೇ ಮೊದಲ ಶತ್ರು. ತಾರಸಿಯ ಬಿರುಕಿನಲ್ಲಿ ಇಳಿದ ನೀರು ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗವನ್ನು ಕೊಳೆಸುತ್ತದೆ. ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಯ ಬೇರು ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಉಸಿರಾಡಬೇಕಾದ ಸುಣ್ಣದ ಗೋಡೆಗೆ ದುರಸ್ತಿಯ ಹೆಸರಿನಲ್ಲಿ ಸಿಮೆಂಟ್ ಬಳಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ.

ಈ ಯಾವ ಹಾನಿಯೂ ರಾತ್ರೋರಾತ್ರಿ ಆಗುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಒಂದೇ ಜಾಗದಿಂದ, ಒಂದೇ ಕೋನದಲ್ಲಿ, ವರ್ಷದ ಒಂದೇ ಕಾಲದಲ್ಲಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಕಳೆದ ವರ್ಷ ಅಂಗೈಯಗಲವಿದ್ದ ತೇವದ ಕಲೆ ಈ ವರ್ಷ ಕಿಟಕಿಯ ಕಮಾನಿನವರೆಗೆ ಹಬ್ಬಿರುವುದು, ಕೂದಲೆಳೆಯಂತಿದ್ದ ಬಿರುಕು ಅಗಲವಾಗಿರುವುದು, ಸೂರಿನ ಗಾರೆಯ ಅಲಂಕಾರದಲ್ಲಿ ಒಂದು ತುಣುಕು ಕಾಣೆಯಾಗಿರುವುದು ಯಾರಿಗಾದರೂ ತಿಳಿಯುತ್ತದೆ. ನನ್ನಲ್ಲಿರುವ ಚಿತ್ರಗಳಲ್ಲೇ ಇಂಥ ಬದಲಾವಣೆಗಳು ಕಾಣುತ್ತವೆ. ಎಂಜಿನಿಯರುಗಳ ಪರೀಕ್ಷೆಗೆ ಇದು ಬದಲಿ ಅಲ್ಲ, ಆದರೆ ಪರೀಕ್ಷೆ ಎಲ್ಲಿ ಮೊದಲು ಆಗಬೇಕೆಂದು ಇದು ತೋರಿಸಿಕೊಡುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡವನ್ನೂ ದೇವರಾಜ ಮಾರುಕಟ್ಟೆಯನ್ನೂ ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಯಾವ ಪಕ್ಷದ ವಾದ ಸರಿಯೆಂದು ಹೇಳುವುದು ಈ ಪತ್ರದ ಉದ್ದೇಶವಲ್ಲ. ದುರಸ್ತಿಯೇ ಆಗಲಿ, ಮೊದಲಿನಂತೆಯೇ ಮರಳಿ ಕಟ್ಟುವುದೇ ಆಗಲಿ, ಕಮಾನಿನ ಬಾಗು ಎಷ್ಟಿತ್ತು, ಜಗಲಿಯ ಕಂಬಗಳ ನಡುವಿನ ಅಂತರವೆಷ್ಟು, ಬಾಗಿಲ ಮೇಲಿನ ಕೆತ್ತನೆ ಹೇಗಿತ್ತು ಎಂಬುದಕ್ಕೆ ಅಳತೆಯ ನಕ್ಷೆಗಳೂ ಚಿತ್ರಗಳೂ ಇಲ್ಲದಿದ್ದರೆ ಕೈಗೆ ಬರುವುದು ಹೊಸದೊಂದು ಕಟ್ಟಡವೇ ಹೊರತು ಹಳೆಯದಲ್ಲ.

ಹೀಗಿರುವಾಗ ಚಿತ್ರ ತೆಗೆಯುವವರಿಗೆ ನಡೆಯುತ್ತಿರುವುದೇನೆಂದು ನಾನು ಕಂಡಂತೆ ಹೇಳುತ್ತೇನೆ. ಯಾವ ಸಂಸ್ಥೆಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಕಾವಲಿಗೆ ನಿಂತ ಬಡ ನೌಕರನ ಮೇಲೆ ಕ್ರಮವಾಗಲೆಂಬ ಆಸೆ ನನಗಿಲ್ಲ. ನೂರು ವರ್ಷಕ್ಕೂ ಹಳೆಯದಾದ ಒಂದು ಸಾರ್ವಜನಿಕ ಕಟ್ಟಡದ ಎದುರಿನ ಪಾದಚಾರಿ ಮಾರ್ಗದಲ್ಲಿ ಟ್ರೈಪಾಡ್ ನಿಲ್ಲಿಸಿದ್ದೆ. ಕಾವಲಿನವರು ಬಂದು, ಇಲ್ಲಿ ಫೋಟೊ ತೆಗೆಯುವಂತಿಲ್ಲ, ತೆಗೆದಿರುವುದನ್ನು ಅಳಿಸಬೇಕು ಎಂದರು. ಅದೇ ಹೊತ್ತಿನಲ್ಲಿ ಹತ್ತಾರು ಜನ ಮೊಬೈಲಿನಲ್ಲಿ ಅದೇ ಕಟ್ಟಡದ ಚಿತ್ರ ತೆಗೆದುಕೊಳ್ಳುತ್ತಿದ್ದರು. ಯಾವ ನಿಯಮವೆಂದು ವಿನಯದಿಂದ ಕೇಳಿದ್ದಕ್ಕೆ, ಮೇಲಿನವರ ಆದೇಶ ಎಂಬ ಉತ್ತರ ಬಂತು. ಒಳಗೆ ಹೋಗಿ ಕೇಳಿದಾಗ ಲಿಖಿತ ಅರ್ಜಿ ಕೊಡಲು ಹೇಳಿದರು, ಕೊಟ್ಟೆ. ಕೆಲವು ವಾರಗಳ ಬಳಿಕ ವಿಚಾರಿಸಿದಾಗ ಕಟ್ಟಡ ತಮ್ಮದಾದರೂ ಅನುಮತಿ ಬೇರೆ ಇಲಾಖೆಯದೆಂದರು, ಆ ಇಲಾಖೆಯವರು ಕಟ್ಟಡ ಯಾರ ಸ್ವಾಧೀನದಲ್ಲಿದೆಯೋ ಅವರನ್ನೇ ಕೇಳಬೇಕೆಂದರು. ಅರ್ಜಿಗೆ ಈವರೆಗೆ ಒಪ್ಪಿಗೆಯೂ ಬಂದಿಲ್ಲ, ನಿರಾಕರಣೆಯೂ ಬಂದಿಲ್ಲ. ಆ ಕಟ್ಟಡದ ಹಿಂಬದಿಯ ಸೂರಿನಿಂದ ಗಾರೆ ಉದುರುತ್ತಿರುವುದನ್ನು ನಾನು ರಸ್ತೆಯಿಂದಲೇ ಕಂಡಿದ್ದೇನೆ, ಆದರೆ ಹತ್ತಿರದಿಂದ ಅದನ್ನು ದಾಖಲಿಸಲು ಆಗಿಲ್ಲ. ಇದೇ ಹವ್ಯಾಸವಿರುವ ಗೆಳೆಯರಿಗೂ, ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿಗಳಿಗೂ ಇಂಥದೇ ಅನುಭವಗಳಾಗಿವೆ. ಪುಸ್ತಕದಲ್ಲಿ ಓದಿದ ಕಮಾನನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲು ಬಂದ ಹುಡುಗಿಯರನ್ನು ಗದರಿಸಿ ಕಳುಹಿಸಿದ್ದನ್ನು ನಾನೇ ನೋಡಿದ್ದೇನೆ, ಅದು ನನಗೆ ಬಹಳ ನೋವು ತಂದಿತು.

ಕಾನೂನು ಏನು ಹೇಳುತ್ತದೆಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ವಾಸ್ತುಶಿಲ್ಪ ಕೃತಿಯ ಛಾಯಾಚಿತ್ರ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಕಾವಲಿನವರು ಕೆಲವೊಮ್ಮೆ ಹೆಸರಿಸುವ 1923ರ ಅಧಿಕೃತ ರಹಸ್ಯಗಳ ಕಾಯ್ದೆ ರಕ್ಷಣಾ ನೆಲೆಗಳು ಮತ್ತು ಸರ್ಕಾರ ನಿಷೇಧಿತವೆಂದು ಘೋಷಿಸಿದ ಸ್ಥಳಗಳಿಗೆ ಸಂಬಂಧಿಸಿದ್ದು; ಪ್ರವಾಸಿಗರಿಗೆ ತೋರಿಸಲೆಂದೇ ದೀಪಾಲಂಕಾರ ಮಾಡುವ ಕಟ್ಟಡದ ಹೊರಗೋಡೆಗೆ ಅದನ್ನು ಅನ್ವಯಿಸಲಾಗದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಡಿ ಇರುವ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕಿದ್ದ ನಿರ್ಬಂಧವನ್ನು 2018ರಲ್ಲಿ ಕೇಂದ್ರ ಸರ್ಕಾರವೇ ಸಡಿಲಿಸಿತು. ತಾಜ್‌ಮಹಲಿನ ಸಮಾಧಿ ಭಾಗ, ಅಜಂತಾ ಗುಹೆಗಳು, ಲೇಹ್ ಅರಮನೆಯಂಥ ಕೆಲವೇ ಕಡೆ ನಿರ್ಬಂಧ ಉಳಿಯಿತು. ದೇಶದ ಅತಿ ಅಮೂಲ್ಯ ಸ್ಮಾರಕಗಳಿಗೇ ಈ ಉದಾರತೆ ಸಾಧ್ಯವಾಗಿರುವಾಗ ನಮ್ಮ ಊರಿನ ಕಚೇರಿ, ಕಾಲೇಜು, ಮಾರುಕಟ್ಟೆಗಳ ಕಟ್ಟಡಗಳಿಗೆ ಅದಕ್ಕಿಂತ ಕಠಿಣವಾದ, ಎಲ್ಲಿಯೂ ಬರೆದಿಲ್ಲದ ನಿಯಮವೇಕೆ ಎಂಬುದೇ ನನ್ನ ಪ್ರಶ್ನೆ. ಭದ್ರತೆಯ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ, ವಿದ್ಯಾರ್ಥಿನಿಲಯಗಳಲ್ಲಿ ಅಲ್ಲಿ ವಾಸಿಸುವವರ ಖಾಸಗಿತನ ಕಾಪಾಡುವುದು ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಬೇಕಾದ ಷರತ್ತುಗಳನ್ನು ಯಾರೂ ವಿರೋಧಿಸುವುದಿಲ್ಲ. ಷರತ್ತು ಯಾವುದೆಂದು ಮುಂಚಿತವಾಗಿ ತಿಳಿದಿರಬೇಕು, ಅಷ್ಟೆ.

ಆದ್ದರಿಂದ ನನ್ನ ಮೊದಲ ಮನವಿ ಇದು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಉದ್ಯಾನಗಳಿಂದ ಪಾರಂಪರಿಕ ಕಟ್ಟಡಗಳ ಹೊರನೋಟವನ್ನು, ಓಡಾಡುವವರಿಗೆ ಅಡ್ಡಿಯಾಗದಂತೆ, ಟ್ರೈಪಾಡ್ ಸಹಿತವಾಗಿ ಯಾರು ಬೇಕಾದರೂ ಚಿತ್ರಿಸಬಹುದೆಂದು ಜಿಲ್ಲಾಡಳಿತ ಒಂದು ಲಿಖಿತ ಸುತ್ತೋಲೆ ಹೊರಡಿಸಬೇಕು. ಆವರಣದೊಳಗಿನ ಛಾಯಾಗ್ರಹಣಕ್ಕೆ ಯಾವ ಹೊತ್ತು, ಯಾವ ಭಾಗ, ಯಾರ ಅನುಮತಿ ಎಂಬುದನ್ನು ಗೇಟಿನ ಬಳಿ ಕನ್ನಡದಲ್ಲಿ ಬರೆದು ಹಾಕಬೇಕು. ಅರ್ಜಿ ಸ್ವೀಕರಿಸಲು ಎಲ್ಲ ಕಟ್ಟಡಗಳಿಗೂ ಸೇರಿ ಒಂದೇ ಕಚೇರಿಯನ್ನು ಗೊತ್ತುಪಡಿಸಿ, ಇಂತಿಷ್ಟು ದಿನಗಳೊಳಗೆ ಹೌದು ಅಥವಾ ಇಲ್ಲ ಎಂದು ಬರಹದಲ್ಲಿ ಉತ್ತರಿಸುವ ವ್ಯವಸ್ಥೆ ಬೇಕು. ವ್ಯಾಪಾರಕ್ಕಾಗಿ ನಡೆಯುವ ಚಿತ್ರೀಕರಣಕ್ಕೆ ಶುಲ್ಕ ವಿಧಿಸಿ, ದಾಖಲೆಗಾಗಿ ಮತ್ತು ಅಧ್ಯಯನಕ್ಕಾಗಿ ಬರುವವರನ್ನು ಅದರಿಂದ ಬಿಡಿ.

ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಪಾರಂಪರಿಕ ಕಟ್ಟಡಗಳೆಂದು ಸರ್ಕಾರವೇ ಗುರುತಿಸಿರುವ ಪ್ರತಿಯೊಂದು ಕಟ್ಟಡಕ್ಕೂ ಸುತ್ತಲೂ ಕೆಲವು ನಿಗದಿತ ಬಿಂದುಗಳನ್ನು ಗೊತ್ತುಮಾಡಿ, ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮೊದಲು ಮತ್ತು ಮಳೆ ನಿಂತ ಮೇಲೆ, ಆ ಬಿಂದುಗಳಿಂದ ಅಳತೆಕೋಲು ಇಟ್ಟು ಚಿತ್ರ ತೆಗೆಸಬೇಕು. ತಾರಸಿ, ನೀರಿನ ದೋಣಿ, ತೊಲೆ ಕೂರುವ ಜಾಗ, ಅಡಿಪಾಯದ ಅಂಚು ಇವುಗಳಿಗೆ ವಿಶೇಷ ಗಮನ ಕೊಡಬೇಕು. ಇದಕ್ಕೆ ದೊಡ್ಡ ಟೆಂಡರ್ ಕರೆಯುವ ಅಗತ್ಯವಿಲ್ಲ. ಊರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರಿದ್ದಾರೆ, ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಕಾಲೇಜುಗಳಿವೆ, ಕಲಾ ಶಾಲೆಗಳಿವೆ; ಕರೆದರೆ ಬರುತ್ತಾರೆ. ಚಿತ್ರಗಳನ್ನು ದಿನಾಂಕ ಮತ್ತು ಸ್ಥಳದ ವಿವರದೊಂದಿಗೆ ಜನರೆಲ್ಲ ನೋಡುವಂತೆ ಜಾಲತಾಣದಲ್ಲಿ ಇರಿಸಬೇಕು. ಸರ್ಕಾರಿ ಕಚೇರಿಗಳ ಬೀರುಗಳಲ್ಲೂ ಹಳೆಯ ಸ್ಟುಡಿಯೊಗಳ ಪೆಟ್ಟಿಗೆಗಳಲ್ಲೂ ಇರುವ ಹಿಂದಿನ ಚಿತ್ರಗಳನ್ನು, ಮನೆಮನೆಗಳ ಮದುವೆ ಆಲ್ಬಮ್ಮುಗಳಲ್ಲಿ ಹಿನ್ನೆಲೆಯಾಗಿ ಬಂದಿರುವ ಕಟ್ಟಡಗಳನ್ನು ಸಹ ಸ್ಕ್ಯಾನ್ ಮಾಡಿ ಇದರೊಂದಿಗೆ ಸೇರಿಸಿದರೆ, ಒಂದು ಶತಮಾನದ ಬದಲಾವಣೆ ನಮ್ಮ ಕಣ್ಣೆದುರಿಗೆ ಬರುತ್ತದೆ. ಯಾವುದೇ ಪಾರಂಪರಿಕ ಕಟ್ಟಡಕ್ಕೆ ಹಾರೆ ಹಾಕುವ ಮುನ್ನ ಅದರ ಸಂಪೂರ್ಣ ಚಿತ್ರದಾಖಲೆ ಮತ್ತು ಅಳತೆಯ ನಕ್ಷೆ ಸಾರ್ವಜನಿಕವಾಗಿ ಲಭ್ಯವಾಗಿರಬೇಕೆಂಬ ಷರತ್ತನ್ನು ಕಡ್ಡಾಯ ಮಾಡಬೇಕು.

ಕಟ್ಟಡಗಳ ಮುಂದಿನ ಮಾಹಿತಿ ಫಲಕಗಳ ಬಗ್ಗೆ ಒಂದು ಮಾತು. ಕಟ್ಟಿದ ವರ್ಷ ಮತ್ತು ಕಟ್ಟಿಸಿದವರ ಹೆಸರಿಗೆ ನಿಲ್ಲದೆ, ಏಕೆ ಕಟ್ಟಿದರು, ಯಾರ ಹಣದಿಂದ, ಯಾವ ಸಾಮಗ್ರಿಯಿಂದ ಎಂಬುದನ್ನೂ ಕನ್ನಡದಲ್ಲಿ ಬರೆಸಿದರೆ ಚಿತ್ರ ತೆಗೆಯುವವನಿಗೆ ತಾನು ಏನನ್ನು ನೋಡುತ್ತಿದ್ದೇನೆಂದು ತಿಳಿಯುತ್ತದೆ.

ಕೊನೆಯ ಮನವಿ ಬಾನಂಚಿನದು. ಬೆಟ್ಟ ಮತ್ತು ಅರಮನೆಯ ನಡುವಿನ ದೃಷ್ಟಿಪಥದಲ್ಲಿ, ಚರ್ಚಿನ ಗೋಪುರಗಳ ಹಿನ್ನೆಲೆಯಲ್ಲಿ, ಲಲಿತ ಮಹಲಿನ ಸುತ್ತಮುತ್ತ ಏಳುವ ಕಟ್ಟಡಗಳ ಎತ್ತರಕ್ಕೆ ಅನುಮತಿ ಕೊಡುವ ಮೊದಲು, ಅವು ಬೆಟ್ಟದಿಂದ ಹೇಗೆ ಕಾಣುತ್ತವೆಂಬುದನ್ನು ಚಿತ್ರದ ಮೂಲಕ ಪರೀಕ್ಷಿಸುವ ಕ್ರಮ ಬರಲಿ. ಲಲಿತ ಮಹಲಿಗೆ ಮಾದರಿಯಾದ ಆ ಸೇಂಟ್ ಪಾಲ್ಸ್‌ನ ಗುಮ್ಮಟ ದೂರದಿಂದ ಮರೆಯಾಗಬಾರದೆಂದು ಲಂಡನ್ ನಗರ 1930ರ ದಶಕದಿಂದಲೇ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿಕೊಂಡು ಬಂದಿದೆ. ಅಷ್ಟು ದೊಡ್ಡ ವ್ಯಾಪಾರದ ನಗರಕ್ಕೆ ಸಾಧ್ಯವಾದದ್ದು ಮೈಸೂರಿಗೆ ಅಸಾಧ್ಯವೇನಲ್ಲ. ಮನೆ ಕಟ್ಟಿಕೊಳ್ಳುವವರಿಗೆ ಇದರಿಂದ ತೊಂದರೆಯಾಗಬಾರದು. ಕೆಲವೇ ದೃಷ್ಟಿಪಥಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಉಳಿದ ಊರು ತನ್ನಷ್ಟಕ್ಕೆ ಬೆಳೆಯಬಹುದು. ಪಾರಂಪರಿಕ ಕಟ್ಟಡಗಳ ಮುಖಕ್ಕೆ ಅಡ್ಡವಾಗಿ ನಿಲ್ಲಿಸಿರುವ ಜಾಹೀರಾತು ಫಲಕಗಳನ್ನೂ ಜೋತುಬಿದ್ದ ಕೇಬಲ್ಲುಗಳನ್ನೂ ತೆಗೆಸುವುದಕ್ಕಂತೂ ಹೊಸ ಕಾನೂನು ಬೇಕಾಗಿಲ್ಲ.

ನಾನು ಈವರೆಗೆ ತೆಗೆದಿರುವ ಚಿತ್ರಗಳಲ್ಲಿ ಕಟ್ಟಡಗಳ ದಾಖಲೆಗೆ ಉಪಯೋಗವಾಗುವ ಎಲ್ಲವನ್ನೂ, ದಿನಾಂಕ ಮತ್ತು ಸ್ಥಳದ ವಿವರಗಳೊಂದಿಗೆ, ಯಾವ ಪ್ರತಿಫಲವೂ ಇಲ್ಲದೆ ಸರ್ಕಾರದ ಸಂಗ್ರಹಕ್ಕೆ ಒಪ್ಪಿಸಲು ಸಿದ್ಧನಿದ್ದೇನೆ. ಮೇಲಿನ ಮನವಿಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಏಕೆ ಒಪ್ಪಲಾಗದು ಎಂಬುದನ್ನು ಮುಂದಿನ ಮುಂಗಾರಿಗೆ ಮೊದಲು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಾಗರಿಕ ಮತ್ತು ಹವ್ಯಾಸಿ ಛಾಯಾಗ್ರಾಹಕ